ಚನ್ನಪಟ್ಟಣಕ್ಕೆ ಸಮುದ್ರ ತಂದ ಮೇಷ್ಟ್ರು

"ನಮ್ಮ ಚನ್ನಪಟ್ಟಣದಲ್ಲಿ ಏನಿಲ್ಲ ಹೇಳು ನೋಡೋಣ?" ಎಂದು ಯೋಗಾನಂದ ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೈಕಿನ ಹಾಗೆ ಹಿಡಿದು ಹೆಂಡತಿಯನ್ನು ಕೇಳಿದ.

"ಹಾಲಿಲ್ಲ. ತರ್ತೀನಿ ಅಂತ ಹೋದೋರು ಪೇಪರ್ ಹಿಡ್ಕೊಂಡು ಬಂದ್ರಿ," ಅಂದಳು ಸುಮನಾ.

"ಬೊಂಬೆ ಇದೆ, ರೇಷ್ಮೆ ಇದೆ, ತೆಂಗು ಇದೆ, ರೈಲಿದೆ. ಇಲ್ಲದೇ ಇರೋದು ಒಂದೇ ಒಂದು. ಸಮುದ್ರ! ಅದನ್ನ ನಾನು ತರ್ತೀನಿ. ನಮ್ಮ ಹಾಲಿಗೇ ತರ್ತೀನಿ!"

"ಹಾಲಿಗೆ ಸಮುದ್ರ ಯಾಕ್ರೀ? ಒಂದು ಚಮಚ ಹೆಪ್ಪು ಸಾಕು. ಅದಕ್ಕೆ ಮೊದಲು ಹಾಲು ಬೇಕು!"

ಯೋಗಾನಂದ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಇಪ್ಪತ್ತು ವರ್ಷದಿಂದ ಅದೇ ಬೋರ್ಡು, ಅದೇ ಸಮೀಕರಣ, ಅದೇ 'ಸಾರ್, ಇದು ಎಕ್ಸಾಮಿಗೆ ಬರ್ತದಾ?' ಎಂಬ ಪ್ರಶ್ನೆ. ತನ್ನೊಳಗಿನ ವಿಜ್ಞಾನಿ ತುಕ್ಕು ಹಿಡಿಯುತ್ತಿದ್ದಾನೆ ಎಂಬ ಕೊರಗು ಅವನಿಗೆ ಬಹಳ ದಿನದಿಂದ ಇತ್ತು. ಹಿಂದಿನ ವಾರ ಬೆಂಗಳೂರಿಗೆ ಉತ್ತರಪತ್ರಿಕೆ ತಿದ್ದಲು ಹೋದವನು, ಮಳೆ ಬಂತೆಂದು ಒಂದು ಅಕ್ವೇರಿಯಂ ಅಂಗಡಿಯೊಳಗೆ ನಿಂತ. ಅಲ್ಲಿ ಗಾಜಿನ ತೊಟ್ಟಿಯೊಳಗೆ ಕಡುನೀಲಿ ಬೆಳಕು. ಆ ಬೆಳಕಿನಲ್ಲಿ ಬೆರಳಾಡಿಸುವ ಹವಳ, ಹವಳದ ಸಂದಿಯಿಂದ ಇಣುಕುವ ಕಿತ್ತಳೆ ಮೈ, ಬಿಳಿ ಪಟ್ಟೆಯ ಮೀನು. ಮಳೆ ನಿಂತು ಒಂದು ಗಂಟೆಯಾದರೂ ಅವನು ಹೊರಗೆ ಬರಲಿಲ್ಲ. ಲೆಕ್ಚರರ್ ಆಗಿ ಒಳಗೆ ಹೋದವನು ಸಾಕ್ಷಾತ್ ವರುಣದೇವನಾಗಿ ಹೊರಗೆ ಬಂದ!

ಸುಮನಾ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಲೈಬ್ರೇರಿಯನ್. ಹಗಲೆಲ್ಲ 'ನಿಶ್ಶಬ್ದ' ಎಂಬ ಬೋರ್ಡಿನ ಕೆಳಗೆ ಕೂತು ಉಳಿಸಿದ ಮಾತನ್ನೆಲ್ಲ ರಾತ್ರಿ ಎಂಟು ಗಂಟೆಗೆ ಬ್ಯಾಗಿನಲ್ಲಿ ತುಂಬಿಕೊಂಡು ಮನೆಗೆ ಬರುತ್ತಿದ್ದಳು. ಹದಿನೈದು ವರ್ಷದ ಸಂಸಾರದಲ್ಲಿ ಅವಳೊಡನೆ ವಾದಿಸಿ ಗೆದ್ದ ದಾಖಲೆ ಯೋಗಾನಂದನ ಹೆಸರಿನಲ್ಲಿ ಒಂದೂ ಇಲ್ಲ.

ಸಮುದ್ರ ಮುಂದಿನ ಭಾನುವಾರ ಲಗೇಜ್ ಆಟೋದಲ್ಲಿ ಬಂತು. ಮೂರಡಿ ಗಾಜಿನ ತೊಟ್ಟಿ, ಅಲೆ ಎಬ್ಬಿಸುವ ಪಂಪು, ನೀರು ಬೆಚ್ಚಗಿಡುವ ಹೀಟರು, ಮೇಲೆ ತೂಗುಹಾಕುವ ಲೈಟು, ಒಂದು ಬಕೆಟ್ ಉಪ್ಪು.

"ಉಪ್ಪಾ? ಉಪ್ಪು ಮನೇಲೇ ಇತ್ತಲ್ರೀ!"

"ಇದು ಸಮುದ್ರದ ಉಪ್ಪು ಕಣೇ."

"ನಮ್ಮನೆ ಉಪ್ಪೇನು ಗದ್ದೇಲಿ ನಾಟಿ ಹಾಕಿ ಬೆಳೆದಿದ್ದಾ?"

ಉಪ್ಪಿನ ಸುದ್ದಿ ಅಲ್ಲಿಗೆ ನಿಂತಿತು. ಕಲ್ಲಿನ ಸುದ್ದಿ ನಿಲ್ಲಲಿಲ್ಲ. ಆಟೋದಿಂದ ರಟ್ಟಿನ ಪೆಟ್ಟಿಗೆ ಇಳಿಸುವಾಗ ಪಕ್ಕದ ಮನೆಯ ಬೋರಲಿಂಗಯ್ಯ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿದರು. ಅವರದು ರಾಮನಗರದ ಹತ್ತಿರ ಜಲ್ಲಿ ಕ್ರಷರ್.

"ಏನ್ ಮೇಷ್ಟ್ರೇ, ಕಲ್ಲು ತಂದಂಗೈತೆ?"

"ಸಾಧಾರಣ ಕಲ್ಲಲ್ಲ ಸಾರ್. ತೂತುತೂತು ಇರೋ ಸಮುದ್ರದ ಕಲ್ಲು. ಕೆಜಿ ಲೆಕ್ಕದಲ್ಲಿ ತಂದೆ."

"ಕೆಜಿ ಲೆಕ್ಕ!" ಬೋರಲಿಂಗಯ್ಯ ಕಾಂಪೌಂಡು ಹಿಡಿದುಕೊಂಡರು. "ನಾನು ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಲೆಕ್ಕದಲ್ಲಿ ಮಾರಿ ಮೋಸ ಹೋದೆ ಅನ್ನಿ! ಇಡೀ ಜಿಲ್ಲೇನೇ ಬಂಡೆ ಮೇಲೆ ಕೂತೈತೆ ಮೇಷ್ಟ್ರೇ. ನೀವು ಬೆಂಗಳೂರಿಂದ ಕಲ್ಲು ತಂದ್ರಲ್ಲ!"

ಅಂಗಡಿಯವನು ಎರಡು ಮಾತು ಒತ್ತಿ ಒತ್ತಿ ಹೇಳಿದ್ದ. ಒಂದು: ತೊಟ್ಟಿ 'ಸೈಕಲ್' ಆಗದೆ ಮೀನು ಬಿಡಬೇಡಿ, ಐದಾರು ವಾರ ಬೇಕು. ಎರಡು: ಸೈಕಲ್ ಮುಗಿಯುವವರೆಗೆ ಲೈಟು ಹಚ್ಚಬೇಡಿ, ಸುಮ್ಮನೆ ಪಾಚಿ ಬೆಳೆಯುತ್ತದೆ. ಮೊದಲನೆಯದು ಕೆಮಿಸ್ಟ್ರಿ, ಆದ್ದರಿಂದ ಯೋಗಾನಂದನಿಗೆ ಚೆನ್ನಾಗಿ ನೆನಪಿತ್ತು. ಎರಡನೆಯದು ಬಸ್ಸಿನಲ್ಲಿ ಬಿಡದಿ ದಾಟುವಷ್ಟರಲ್ಲಿ ಮರೆತುಹೋಯಿತು. ಕತ್ತಲೆಯಲ್ಲಿಟ್ಟರೆ ಸಮುದ್ರ ತಂದಿದ್ದು ಯಾರಿಗೆ ಕಾಣಬೇಕು?

"ನೋಡು ಸುಮನಾ," ಎಂದು ಅವನು ಸೋಫಾದ ಮುಂದೆ ನಿಂತು ಪಾಠ ಶುರುಮಾಡಿದ. "ಮೊದಲು ನೀರಲ್ಲಿ ಏನಾದ್ರೂ ಕೊಳೀಬೇಕು. ಕೊಳೆತರೆ ಅಮೋನಿಯಾ ಬರುತ್ತೆ. ಅದು ಮೀನಿಗೆ ವಿಷ. ಅದನ್ನ ತಿನ್ನೋಕೆ ಒಂದು ಬ್ಯಾಕ್ಟೀರಿಯಾ ಹುಟ್ಟುತ್ತೆ. ಅದು ತಿಂದು ಬಿಟ್ಟಿದ್ದೂ ವಿಷ. ಅದನ್ನ ತಿನ್ನೋಕೆ ಇನ್ನೊಂದು ಬ್ಯಾಕ್ಟೀರಿಯಾ ಹುಟ್ಟುತ್ತೆ. ಆಮೇಲೆ ನೀರು ಮೀನಿಗೆ ಯೋಗ್ಯ. ಇದಕ್ಕೆ ಸೈಕಲ್ ಅಂತಾರೆ."

"ಹೋದ ತಿಂಗಳು ಫ್ರಿಜ್ಜಲ್ಲಿ ಹುರುಳಿಕಾಯಿ ಪಲ್ಯ ಮರೆತಿದ್ದಕ್ಕೆ ನನ್ನ ಮೇಲೆ ಹಾರಾಡಿದ್ರಲ್ಲ, ಅದೂ ಸೈಕಲ್ಲೇ ಅಲ್ವೇನ್ರೀ?"

ಕೊಳೆಸುವುದಕ್ಕೆ ಏನು? ಸಿಗಡಿ! ಯೋಗಾನಂದ ಸಂಜೆ ಮೀನು ಮಾರ್ಕೆಟ್ಟಿಗೆ ಹೋದ. ಅಂಗಡಿಯಲ್ಲಿ ಕರೀಮುನ್ನೀಸಾ ತಕ್ಕಡಿ ಹಿಡಿದು ಕೂತಿದ್ದರು.

"ಒಂದು ಸಿಗಡಿ ಕೊಡಿ."

"ಒಂದು ಕೆಜಿನಾ ಸಾರ್?"

"ಅಲ್ಲ. ಒಂದು ಸಿಗಡಿ."

ಕರೀಮುನ್ನೀಸಾ ತಕ್ಕಡಿ ಕೆಳಗಿಟ್ಟರು. "ಅರೇ, ಮನೇಲಿ ಎಷ್ಟು ಜನ ಸಾರ್?"

"ತಿನ್ನೋಕಲ್ಲ. ಕೊಳೆಸೋಕೆ."

"ಕೊಳೆಸೋಕೆ ನನ್ನ ಹತ್ರ ಯಾಕೆ ಬಂದ್ರಿ? ನನ್ನ ಮಾಲು ನಾಲ್ಕು ದಿನ ಇಟ್ರೂ ಕೊಳೆಯಲ್ಲ!" ಎಂದು ಆಕೆ ಜೋರಾಗಿ ಹೇಳಿದ್ದಕ್ಕೆ ಇಡೀ ಮಾರ್ಕೆಟ್ಟು ತಿರುಗಿ ನೋಡಿತು. ಕೊನೆಗೆ ಕಾಗದದಲ್ಲಿ ಒಂದೇ ಒಂದು ಸಿಗಡಿ ಸುತ್ತಿ, "ತಗೊಳ್ಳಿ, ಕಾಸು ಬೇಡ. ನಿಮಗೆ ಅಲ್ಲಾ ಒಳ್ಳೇದು ಮಾಡಲಿ," ಎಂದು ಮರುಕದಿಂದ ಕೊಟ್ಟರು.

ಸಿಗಡಿ ತೊಟ್ಟಿಗೆ ಬಿತ್ತು. ಮೂರನೇ ದಿನಕ್ಕೆ ಹಾಲಿನಲ್ಲಿ ಬಂದರಿನ ವಾಸನೆ ಶುರುವಾಯಿತು. ಲೈಟು ಹಚ್ಚಿದ ಮೊದಲ ಸಂಜೆ ಸುಮನಾ ಒಳಗೆ ಬಂದವಳೇ, "ಈ ಬೆಳಕಲ್ಲಿ ನಾನುಟ್ಟ ಸೀರೆ ಯಾವುದು ಅಂತ ನನಗೇ ಗೊತ್ತಾಗ್ತಿಲ್ಲ. ನಾನಿರುವಾಗ ಇದು ಉರೀಕೂಡದು," ಎಂದು ಅಪ್ಪಣೆ ಹೊರಡಿಸಿದಳು. ಹಾಗಾಗಿ ಟೈಮರ್ ಇಟ್ಟು, ಲೈಟು ಸಂಜೆ ಐದಕ್ಕೆ ತಾನೇ ಹತ್ತಿ ಎಂಟಕ್ಕೆ ತಾನೇ ಆರುವ ಹಾಗೆ ಮಾಡಿದ. ಕಾಲೇಜಿನಿಂದ ಬಂದು, ಕಿಟಕಿಯ ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿ, ಆ ನೀಲಿಯಲ್ಲಿ ಒಬ್ಬನೇ ಕೂತು ಪರೀಕ್ಷಾ ಕೊಳವೆಗೆ ತೊಟ್ಟಿಯ ನೀರು ತುಂಬಿ, ಹನಿ ಔಷಧ ಹಾಕಿ, ಬಣ್ಣದ ಕಾರ್ಡಿನ ಪಕ್ಕ ಹಿಡಿದು ನೋಡುವುದು ಅವನ ಸಂಧ್ಯಾವಂದನೆಯಾಯಿತು. ಹಸಿರು ಬಂದರೆ ಅಮೋನಿಯಾ ಇದೆ ಎಂದರ್ಥ. ಹಳದಿ ಬಂದರೆ ಇಲ್ಲ. ಅಷ್ಟೇ!

ಎರಡು ವಾರ ಕಳೆದ ಮೇಲೆ ಕಬ್ಬಾಳಿನಿಂದ ಅತ್ತೆ ಶಿವಲಿಂಗಮ್ಮ ಬಂದರು.

ಶಿವಲಿಂಗಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಾಮನಗರದ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ನಿಖಾತ್ ಎಂಬಾಕೆ ಬಲಗಣ್ಣಿನ ಆಪರೇಷನ್ ಮಾಡಿದ್ದರು. ಎಡಗಣ್ಣು ಆಮೇಲೆ. ಅಲ್ಲಿಯವರೆಗೆ ಧೂಳು, ಹೊಗೆ ಬೇಡವೆಂದು ಮಗಳ ಮನೆಯಲ್ಲಿ ಇರಬೇಕೆಂದಾಯಿತು. ಪಟ್ಟಿ ಬಿಚ್ಚಿಸಿಕೊಂಡು ಕಪ್ಪು ಕನ್ನಡಕದಲ್ಲಿ ಬಂದಿಳಿದ ಅತ್ತೆ ಬೆಳಿಗ್ಗೆ ಹನ್ನೊಂದಕ್ಕೆ ಮನೆಯೊಳಗೆ ಕನ್ನಡಕ ತೆಗೆದರು. ಕ್ಯಾಲೆಂಡರಿನ ತಾರೀಕು ಓದಿದರು. ಸೂರಿನ ಮೂಲೆಯ ಹಲ್ಲಿ ತೋರಿಸಿದರು. ಕುಣಿಯುವುದೊಂದು ಬಾಕಿ! ಆಮೇಲೆ ತೊಟ್ಟಿಯ ಹತ್ತಿರ ಬಂದು ಬಗ್ಗಿದರು.

"ಅಳಿಯಂದ್ರೇ! ನಿಮ್ ನೀರಲ್ಲಿ ಒಂದು ಸಿಗಡಿ ಸತ್ತೋಗೈತೆ!"

"ಸತ್ತಿದ್ದನ್ನೇ ಹಾಕಿದ್ದು ಅತ್ತೆ. ತೊಟ್ಟಿ ಸೈಕಲ್ ಆಗ್ತಿದೆ."

ಅತ್ತೆ ಸೈಕಲ್ಲಿಗಾಗಿ ತೊಟ್ಟಿಯ ಹಿಂದೆ ನೋಡಿದರು. ಕಾಣಲಿಲ್ಲ. ಅಡುಗೆಮನೆಗೆ ಹೋಗಿ ಮಗಳ ಕಿವಿಯಲ್ಲಿ, "ಅಳಿಯಂದ್ರಿಗೆ ಕಾಲೇಜಲ್ಲಿ ಒಸಿ ಟೆನ್ಶನ್ ಜಾಸ್ತಿಯೇನವ್ವ?" ಎಂದು ಕೇಳಿದರು.

ಆವತ್ತು ಸಂಜೆಯಿಂದ ಅತ್ತೆಯ ವರಸೆ ಬದಲಾಯಿತು. ಊಟ ಮಾಡಿ, ಕಿಟಕಿಯ ಪರದೆ ಎಳೆದುಕೊಂಡು ಹಾಲಿನ ದಿವಾನಿನ ಮೇಲೆ ಮಲಗಿದ್ದವರು ಐದೂವರೆಗೆ ಎದ್ದು ಕೂತರು. ಸುತ್ತಲೂ ನೋಡಿದರು. ಕಣ್ಣುಜ್ಜಲು ಹೋಗಿ, ಡಾಕ್ಟರು ಬೇಡ ಎಂದದ್ದು ನೆನಪಾಗಿ ಕೈ ಇಳಿಸಿದರು. ಯೋಗಾನಂದ ಮಧ್ಯಾಹ್ನದ ಕ್ಲಾಸು ಮುಗಿಸಿ ಕಾಲೇಜಿನಿಂದ ಬಂದು ಪ್ರೀತಿಯಿಂದ ನಕ್ಕು, "ಹೇಗಿದೆ ಅತ್ತೆ ನಮ್ಮ ಸಮುದ್ರ?" ಎಂದ.

"ಚೆನ್ನಾಗೈತೆ ಅಳಿಯಂದ್ರೇ," ಅಂದರು ಅತ್ತೆ, ಗೋಡೆಗೆ ಆತುಕೊಂಡು. "ನೀವು ಒಸಿ ಬಾಯಿ ಮುಚ್ಕಳಿ."

ಯೋಗಾನಂದ ಬೆಪ್ಪಾದ. ಮದುವೆಯಾದ ಹದಿನೈದು ವರ್ಷದಲ್ಲಿ ಅತ್ತೆ ಅವನಿಗೆ 'ಕೂತ್ಕಳಿ, ಉಣ್ಣಿ, ಇನ್ನೊಂದು ಮುದ್ದೆ ಹಾಕುಸ್ಕಳಿ' ಬಿಟ್ಟು ಬೇರೆ ಮಾತು ಆಡಿದವರಲ್ಲ! ಅಂದಿನಿಂದ ಬೆಳಗೆಲ್ಲ ಲವಲವಿಕೆಯಿಂದ ಇರುವ ಅತ್ತೆ ಐದು ಹೊಡೆಯುತ್ತಲೇ ಎದ್ದು ಅಡುಗೆಮನೆಗೆ ಹೋಗಿ, ಅಲ್ಲಿನ ಕಬ್ಬಾಳಮ್ಮನ ಪಟದ ಮುಂದೆ ಕೂತುಬಿಡುತ್ತಿದ್ದರು. ಎಂಟರವರೆಗೂ ಏಳುತ್ತಿರಲಿಲ್ಲ. 'ಪಾಪ, ವಯಸ್ಸಾಯಿತು, ಭಕ್ತಿ ಬಲಿಯುತ್ತಿದೆ' ಎಂದುಕೊಂಡ ಅಳಿಯ.

ಹತ್ತು ದಿನ ಕಳೆದವು. ಗುರುವಾರ ಸಂಜೆ ಯೋಗಾನಂದ ಎಂದಿನಂತೆ ನೀಲಿ ಬೆಳಕಿನಲ್ಲಿ ಕೊಳವೆ ಹಿಡಿದು ಕಾರ್ಡಿಗೆ ಹೋಲಿಸಿದ. ಕಾರ್ಡಿನ ಹಳದಿಗೂ ಕೊಳವೆಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ! ಅಮೋನಿಯಾ ಸೊನ್ನೆ! ಐದಾರು ವಾರದ ಕೆಲಸ ನಾಲ್ಕೇ ವಾರದಲ್ಲಿ! "ಅಂಗಡಿಯವನಿಗೆ ಕೆಮಿಸ್ಟ್ರಿ ಗೊತ್ತಿಲ್ಲ ಅಂತ ನನಗೆ ಅವತ್ತೇ ಅನುಮಾನ ಇತ್ತು," ಎಂದು ಸುಮನಾಳಿಗೆ ಘೋಷಿಸಿ, ಶನಿವಾರಕ್ಕೆ ಎರಡು ಕಿತ್ತಳೆ ಮೀನು ಎತ್ತಿಡಲು ಫೋನ್ ಮಾಡಿದ.

ಮರುದಿನ ಸ್ಟಾಫ್‌ರೂಮಿನಲ್ಲಿ ಕೂತಿದ್ದಾಗ ಒಂದು ಫೋನು ಬಂತು.

"ನಾನು ಡಾಕ್ಟರ್ ನಿಖಾತ್ ಮಾತಾಡ್ತಿದೀನಿ. ಶಿವಲಿಂಗಮ್ಮನವರ ಅಳಿಯ ನೀವೇ ಅಲ್ವಾ? ಕಬ್ಬಾಳಿಂದ ಇವತ್ತು ಹನ್ನೆರಡು ಹೆಂಗಸರು ಆಪರೇಷನ್ನಿಗೆ ಬರಬೇಕಿತ್ತು. ಕಳಿಸಿದ ವ್ಯಾನು ಖಾಲಿ ವಾಪಸ್ ಬಂದಿದೆ."

"ಅದಕ್ಕೆ ನಾನೇನು ಮಾಡಲಿ ಡಾಕ್ಟ್ರೇ?"

"ನಿಮ್ಮ ಅತ್ತೆ ಕಣ್ಣು ಹಾಳಾಗಿದೆಯಂತೆ. ಸಂಜೆಯಾದರೆ ಜಗತ್ತೆಲ್ಲ ನೀಲಿ ಕಾಣುತ್ತಂತೆ. ಊರಿಗೆ ಫೋನ್ ಮಾಡಿ ಹೇಳಿದಾರೆ. ನಮಗೆ ಬೇಡಪ್ಪ ನೀಲಿ ಕಣ್ಣು ಅಂತ ಒಬ್ಬರೂ ವ್ಯಾನು ಹತ್ತಲಿಲ್ಲ. ಅವರಲ್ಲಿ ಮಾರಮ್ಮ ಅಂತ ಒಬ್ಬರಿದಾರೆ, ಅವರ ಪೊರೆ ತುಂಬಾ ಬಲಿತಿದೆ. ತಡ ಮಾಡೋ ಹಾಗಿಲ್ಲ ಸಾರ್."

ಮಾರಮ್ಮ ಅತ್ತೆಯ ಓರಗಿತ್ತಿ. ಯೋಗಾನಂದನಿಗೆ ಚೆನ್ನಾಗಿ ಗೊತ್ತು. ಹೋದ ಹಬ್ಬಕ್ಕೆ ಹೋದಾಗ ಆಕೆ ಗೋಡೆ ಸವರಿಕೊಂಡು ಹಿತ್ತಲಿಗೆ ಹೋದದ್ದನ್ನು, ಅವನ ಕಾಫಿಗೆ ಉಪ್ಪು ಹಾಕಿ ತಂದುಕೊಟ್ಟದ್ದನ್ನು ಅವನು ನೋಡಿದ್ದ. ಪಾಠ ಬಿಟ್ಟು ಮನೆಗೆ ಓಡಿ ಬಂದ.

"ಅತ್ತೇ, ನಿಮಗೆ ನೀಲಿ ಕಾಣ್ತದಂತೆ, ಹೌದಾ? ನಮಗೆ ಯಾಕೆ ಹೇಳಲಿಲ್ಲ?"

ಶಿವಲಿಂಗಮ್ಮ ಸೆರಗಿನ ತುದಿ ಹಿಸುಕಿದರು. "ನಿಮಗೆ ತೊಂದ್ರೆ ಯಾಕೆ ಅಂತ ಸುಮ್ಕಿದ್ದೆ. ನೀವೇ ರಜ ಹಾಕಿ ಆಸ್ಪತ್ರೆಗೆ ತಿರುಗಿದ್ರಿ. ಕೆಟ್ಟೋಯ್ತು ಅಂತ ಎಂಗೆ ಹೇಳ್ಳಿ? ಬೆಳಿಗ್ಗೆ ಚೆನ್ನಾಗಿರ್ತದೆ ಅಳಿಯಂದ್ರೇ. ಐದು ಗಂಟೆ ಆಯ್ತು ಅಂದ್ರೆ ಗೋಡೆ ನೀಲಿ, ನೆಲ ನೀಲಿ. ನನ್ ಕೈಯೇ ನೀಲಿ. ನೀವು ನಕ್ಕರಂತೂ..." ಅತ್ತೆ ಅಲ್ಲಿಗೇ ನಿಲ್ಲಿಸಿದರು.

"ನಕ್ಕರೆ?"

"ಹಲ್ಲು ಉರೀತಾವೆ. ಕಬ್ಬಾಳಮ್ಮನ ಪಟದ ತಾವ ಓದ್ರೆ ಎಲ್ಲ ಸರ್ಯಾಗ್ತದೆ. ಆಯಮ್ಮನೇ ಕಾಪಾಡ್ತಾವ್ಳೆ."

ಒಬ್ಬ ಕೆಮಿಸ್ಟ್ರಿ ಲೆಕ್ಚರರಿಗೆ ಇಷ್ಟರಲ್ಲಿ ಅರ್ಥವಾಗಬೇಕಿತ್ತು. ಹತ್ತನೇ ಕ್ಲಾಸಿನ ಹುಡುಗನಿಗೂ ಅರ್ಥವಾಗುತ್ತಿತ್ತು! ಆದರೆ ಯೋಗಾನಂದನ ತಲೆಯಲ್ಲಿ ಆಗಲೇ ಎರಡು ಕಿತ್ತಳೆ ಮೀನು ಈಜುತ್ತಿದ್ದವು. "ಇದು ಮನಸ್ಸಿನ ಭ್ರಮೆ ಅತ್ತೆ. ವಿಜ್ಞಾನದಲ್ಲಿ ಇಂಥದ್ದು ಬೇಕಾದಷ್ಟಿವೆ," ಎಂದು ತೀರ್ಪು ಕೊಟ್ಟು ಡಾಕ್ಟರಿಗೆ ಫೋನ್ ಮಾಡಿದ.

"ಸಂಜೆ ಬರೋ ಕಾಯಿಲೆನ ಸಂಜೆನೇ ನೋಡ್ಬೇಕು," ಅಂದರು ಆಕೆ. "ನನ್ನ ಮನೆ ಚನ್ನಪಟ್ಟಣದಲ್ಲೇ. ನಾಳೆ ಡ್ಯೂಟಿ ಮುಗಿಸಿ ನಾನೇ ಬರ್ತೀನಿ."

ಶನಿವಾರ ಯೋಗಾನಂದ ಬೆಳಿಗ್ಗೆಯ ರೈಲಿಗೆ ಬೆಂಗಳೂರಿಗೆ ಹೋಗಿ, ಥರ್ಮೋಕೋಲ್ ಪೆಟ್ಟಿಗೆಯನ್ನು ಹಸುಗೂಸಿನಂತೆ ಎದೆಗೊತ್ತಿಕೊಂಡು ಸಂಜೆಗೆ ವಾಪಸ್ಸಾದ. ಮೀನಿದ್ದ ಪ್ಲಾಸ್ಟಿಕ್ ಚೀಲವನ್ನು ತೊಟ್ಟಿಯ ಮೇಲೆ ತೇಲಿಬಿಟ್ಟ. ಒಳಗಿನ ನೀರು ಹೊರಗಿನ ನೀರಿನಷ್ಟೇ ಬೆಚ್ಚಗಾದ ಮೇಲೆ ಚೀಲ ಕತ್ತರಿಸಿ ಬಿಡುವುದು ಕ್ರಮ. ಡಾಕ್ಟರು ಬರುತ್ತಾರೆಂದು ಅರ್ಧ ದಿನ ರಜೆ ಹಾಕಿ ಬಂದಿದ್ದ ಸುಮನಾ ಟ್ಯೂಬ್‌ಲೈಟ್ ಸ್ವಿಚ್ಚಿಗೆ ಕೈಹಾಕಿದಳು.

"ಬೇಡ ಬೇಡ! ಡಾಕ್ಟ್ರು ಮೊದಲು ಸಮುದ್ರನ ಅದರ ನಿಜವಾದ ವೈಭವದಲ್ಲಿ ನೋಡಲಿ!" ಎಂದ ಯೋಗಾನಂದ, ಕೈಯಲ್ಲಿ ಕತ್ತರಿ ಹಿಡಿದುಕೊಂಡು.

ಡಾಕ್ಟರ್ ನಿಖಾತ್ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದರು. ಬಿಳಿ ಕೋಟು ಮೈಮೇಲೇ ಇತ್ತು. ಹೊಸ್ತಿಲು ದಾಟಿ ಎರಡು ಹೆಜ್ಜೆ ಒಳಗೆ ಇಟ್ಟರೋ ಇಲ್ಲವೋ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಿವಲಿಂಗಮ್ಮ ಕೈ ಚಾಚಿ ಕೂಗಿದರು.

"ನೋಡವ್ವಾ, ಈಗ ಬಂತು! ನಿನ್ ಕೋಟು ನೀಲಿ! ಉರೀತೈತೆ!"

ಡಾಕ್ಟರ್ ಬಗ್ಗಿ ತಮ್ಮ ಕೋಟು ನೋಡಿಕೊಂಡರು. ಗೋಡೆ ನೋಡಿದರು. ಯೋಗಾನಂದ ಸ್ವಾಗತಿಸಲೆಂದು ಹಲ್ಲು ಬಿಟ್ಟ. ಅದನ್ನೂ ನೋಡಿದರು.

"ಅಮ್ಮಾ, ನನಗೂ ನೀಲೀನೇ ಕಾಣ್ತಿದೆ," ಅಂದರು ನಿಧಾನವಾಗಿ.

"ಅಯ್ಯೋ, ನಿಂಗೂ ಬಂತಾ ನನ್ನವ್ವ! ನೀನು ಯಾರ ತಾವ ಆಪರೇಷನ್ ಮಾಡುಸ್ಕಂಡೆ?"

ಸುಮನಾ ಸ್ವಿಚ್ಚಿನ ಹತ್ತಿರ ಹೋದಳು. ಟ್ಯೂಬ್‌ಲೈಟ್ ಹಾಕಿದಳು. ಕೋಟು ಬಿಳಿಯಾಯಿತು. ಆರಿಸಿದಳು. ನೀಲಿಯಾಯಿತು. ಹಾಕಿದಳು. ಬಿಳಿ. ಮೂರನೇ ಸಲ ಹಾಕುವ ಹೊತ್ತಿಗೆ ಶಿವಲಿಂಗಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡಿದ್ದರು. ನಗುವೋ ಅಳುವೋ ಗೊತ್ತಾಗಲಿಲ್ಲ.

"ನನ್ ಕಣ್ಣು ನೆಟ್ಟಗೈತಾ?"

"ಬಹಳ ಚೆನ್ನಾಗಿದೆ ಅಮ್ಮಾ," ಅಂದರು ಡಾಕ್ಟರ್, ಪುಟ್ಟ ಟಾರ್ಚಿನಿಂದ ನೋಡಿ. "ನನ್ನ ಕಣ್ಣಿಗಿಂತ ಚೆನ್ನಾಗಿದೆ."

"ಹತ್ತು ದಿನ!" ಸುಮನಾ ಗಂಡನ ಕಡೆ ತಿರುಗಿದಳು. "ಹತ್ತು ದಿನ ನಮ್ಮಮ್ಮ ಕಣ್ಣು ಹೋಯ್ತು ಅಂತ ಒಬ್ಬರೇ ಕೂತು ಕೊರಗಿದಾರೆ. ನಿಮಗೆ ಮನಸ್ಸಿನ ಭ್ರಮೆ ಅಲ್ವಾ? ವಿಜ್ಞಾನದಲ್ಲಿ ಬೇಕಾದಷ್ಟಿವೆ ಅಲ್ವಾ?"

ಯೋಗಾನಂದ ಗಾಜಿನ ಕಡೆ ಮುಖ ಮಾಡಿದ. ಅಲ್ಲಿಯೂ ಸಮಾಧಾನ 'ಸಿಗಡಿ'ಯಷ್ಟೂ ಸಿಗಲಿಲ್ಲ! ನೀಲಿಯಲ್ಲಿ ಹವಳದ ತೋಟದಂತೆ ಹೊಳೆಯುತ್ತಿದ್ದ ಕಲ್ಲುಗಳ ಮೇಲೆ ಟ್ಯೂಬ್‌ಲೈಟಿನಲ್ಲಿ ಕಂದು ಬಣ್ಣದ ಲೋಳೆ. ಅಂಗಡಿಯವನು ಹೇಳಿದ್ದ ಪಾಚಿ! ಮಾತು ತಪ್ಪಿಸಲು, "ಇರಲಿ, ಮೀನು ಬಿಡೋ ಮುಹೂರ್ತ ಆಯ್ತು," ಎಂದು ಕತ್ತರಿ ಎತ್ತಿದ.

"ಒಸಿ ತಡೀರಿ ಅಳಿಯಂದ್ರೇ." ಶಿವಲಿಂಗಮ್ಮ ಆವತ್ತಿನ ಪರೀಕ್ಷೆಯ ಕೊಳವೆಯನ್ನು ಕೈಗೆ ತೆಗೆದುಕೊಂಡು ಕಾರ್ಡಿನ ಪಕ್ಕ ಹಿಡಿದಿದ್ದರು. ಕಣ್ಣು ನೆಟ್ಟಗಿದೆ ಎಂದು ಗೊತ್ತಾದ ಖುಷಿಗೆ ಸಿಕ್ಕಿದ್ದನ್ನೆಲ್ಲ ನೋಡುತ್ತಿದ್ದರು. "ಹಳದಿ ಬಂದ್ರೆ ಒಳ್ಳೇದು ಅಂತಿದ್ರಲ್ಲ? ಇದು ಹಳದಿ ಎಲ್ಲೈತೆ? ಹೊಂಗೆ ಎಲೆ ಇದ್ದಂಗೈತೆ!"

ಯೋಗಾನಂದ ಕೊಳವೆ ಕಿತ್ತುಕೊಂಡ. ಹಸಿರು! ಹಸಿರೆಂದರೆ ಹಸಿರು! ಆ ನೀಲಿ ಬೆಳಕಿನಲ್ಲಿ ಕಾರ್ಡಿನ ಹಳದಿಯೂ ಕಪ್ಪಗೆ, ಕೊಳವೆಯ ಹಸಿರೂ ಕಪ್ಪಗೆ ಕಂಡಿತ್ತು. ವಿಷ ಹೆಚ್ಚಿದ್ದಾಗ ಕೊಳವೆ ಇನ್ನೂ ಕಪ್ಪಗಿತ್ತು, ಈಗ ಒಂದಿಷ್ಟು ಇಳಿದದ್ದಕ್ಕೇ ಕಪ್ಪಿಗೆ ಕಪ್ಪು ಸರಿಹೋಗಿತ್ತು. 'ಬಣ್ಣ ನೋಡುವಾಗ ಬಿಳಿ ಬೆಳಕಿನಲ್ಲಿ ನೋಡ್ರೋ, ಕತ್ತೆಗಳಾ' ಎಂದು ಇಪ್ಪತ್ತು ವರ್ಷ ಲ್ಯಾಬಿನಲ್ಲಿ ಮಕ್ಕಳಿಗೆ ಬೈದವನು ಅವನೇ! ತೊಟ್ಟಿಯಲ್ಲಿದ್ದುದು ಅಪ್ಪಟ ವಿಷ. ಇನ್ನೊಂದು ನಿಮಿಷವಾಗಿದ್ದರೆ ಆ ಎರಡು ಜೀವ ಅದರೊಳಗೆ ಇರುತ್ತಿದ್ದವು. ಚೀಲದೊಳಗಿಂದ ಮೀನುಗಳು ಅವನನ್ನೇ ನೋಡುತ್ತಿದ್ದವು. ಕತ್ತರಿಯನ್ನು ಕೆಳಗಿಟ್ಟ.

"ಸುಮನಾ," ಎಂದ, ದನಿ ಪೂರ್ತಿ ಇಳಿಸಿ. "ನೀರು ಬದಲಾಯಿಸೋಕೆ ಅಂತ ಒಂದು ಬಕೆಟ್ ಹೊಸ ಉಪ್ಪುನೀರು ಕಲಸಿಟ್ಟಿದೀನಿ. ಸೋಪು ಸೋಕದೇ ಇರೋ ದೊಡ್ಡ ಪಾತ್ರೆ ಯಾವುದಾದ್ರೂ ಇದೆಯಾ?"

ಬೈಯುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಸುಮನಾ ಬೈಯಲಿಲ್ಲ. ಅಕ್ಕಿ ಡ್ರಮ್ಮನ್ನು ಪೇಪರಿನ ಮೇಲೆ ಬೋರಲು ಹಾಕಿ, ತೊಳೆದು ತಂದಳು. ಡಾಕ್ಟರ್ ನಿಖಾತ್ ತೋಳು ಮೇಲೇರಿಸಿ ಬಕೆಟ್ಟಿಗೆ ಕೈಕೊಟ್ಟರು. ಸಮುದ್ರದ ಮೀನುಗಳು ಅಡುಗೆಮನೆಯಲ್ಲಿ ಕಬ್ಬಾಳಮ್ಮನ ಪಟದ ಕೆಳಗೆ ಅಕ್ಕಿ ಡ್ರಮ್ಮಿನಲ್ಲಿ ಸಂಸಾರ ಹೂಡಿದವು.

ಹೊರಡುವಾಗ ಡಾಕ್ಟರ್ ಬಾಗಿಲಲ್ಲಿ ನಿಂತರು. "ನಿಮ್ಮ ಮೀನು ಬದುಕ್ತಾವೆ ಸಾರ್. ಮಾರಮ್ಮನ ಕಣ್ಣಿಗೆ ಏನು ಹೇಳ್ತೀರಿ? ಆಪರೇಷನ್ನಿಗೆ ಮುಂದಿನ ಸರದಿ ಸಿಗೋದೇ ಮೂರು ವಾರಕ್ಕೆ, ಆಗ ಮತ್ತೆ ವ್ಯಾನು ಕಳಿಸ್ತೀನಿ. ಖಾಲಿ ಆಗಿದ್ದು ನಿಮ್ಮ ಮನೆಯಿಂದ. ತುಂಬಿಸೋದೂ ನೀವೇ."

ಆ ಮೂರು ವಾರ ಲೈಟು ಹೊತ್ತಲಿಲ್ಲ. ಯೋಗಾನಂದ ದಿನಾ ಬೆಳಿಗ್ಗೆ ಡ್ರಮ್ಮಿನ ನೀರು ಬದಲಾಯಿಸುವನು, ಕಲ್ಲು ಉಜ್ಜುವನು, ಕೊಳವೆಗೆ ಹನಿ ಹಾಕುವನು. ಬಣ್ಣ ನೋಡುವ ಅಧಿಕಾರ ಮಾತ್ರ ಅವನ ಕೈತಪ್ಪಿ ಹೋಗಿತ್ತು. ಶಿವಲಿಂಗಮ್ಮ ಕೊಳವೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ಫಲಿತಾಂಶ ಹೇಳುವರು. ಅವರು ಹೇಳಿದ್ದನ್ನು ಅವನು ಲ್ಯಾಬ್ ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಳ್ಳುವನು. 'ನಾಲ್ಕನೇ ದಿನ: ಹೊಂಗೆ ಎಲೆ. ಒಂಬತ್ತನೇ ದಿನ: ಬಾಳೆ ಸುಳಿ. ಹದಿಮೂರನೇ ದಿನ: ದೋರೆ ನಿಂಬೆಹಣ್ಣು.' ಎರಡನೇ ವಿಷದ ಪರೀಕ್ಷೆಗೆ ಬೇರೆ ಹನಿ, ಬೇರೆ ಕಾರ್ಡು. ಅದರ ನೇರಳೆಯೂ ದಿನದಿನಕ್ಕೆ ತೆಳುವಾಗಿ ತಿಳಿಯಾಗುತ್ತ ಬಂತು.

ಹದಿನೆಂಟನೇ ದಿನ ಅತ್ತೆ ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತರು.

"ಅಳಿಯಂದ್ರೇ, ಬರ್ಕಳಿ. ರೇಷ್ಮೆ ಗೂಡು! ಒಳ್ಳೆ ಹಳದಿ ಗೂಡು!"

ಮಧ್ಯಾಹ್ನ ಮೂವರೂ ಸೇರಿ ಮೀನು ಬಿಟ್ಟರು. ಕಿಟಕಿಯ ಬಿಸಿಲು ನೀರಿನ ಮೇಲೆ ಬಿದ್ದು ಕಲ್ಲಿನ ಮೇಲೆ ಅಲೆಅಲೆಯಾಗಿ ಓಡಾಡುತ್ತಿತ್ತು. ಮೀನುಗಳು ಮೊದಲು ಮೂಲೆಯಲ್ಲಿ ಅಂಟಿಕೊಂಡು ನಿಂತವು. ಆಮೇಲೆ ಒಂದು ಧೈರ್ಯಮಾಡಿ ಕಲ್ಲಿನ ತೂತಿನೊಳಗೆ ನುಗ್ಗಿ ಆಚೆಯಿಂದ ಬಂತು. ಇನ್ನೊಂದು ಅದರ ಹಿಂದೆ. ಎಲ್ಲರೂ ಗಾಜಿನ ಹತ್ತಿರ ಬಗ್ಗಿದರು. ಸುಮನಾ ಕೂಡ! ಯೋಗಾನಂದ ಪಾಠ ಮಾಡಲು ಬಾಯಿ ತೆರೆದು, ಅತ್ತೆಯ ಮುಖ ನೋಡಿ ಮುಚ್ಚಿಕೊಂಡ. ಅವರು ಮೂಗನ್ನು ಗಾಜಿಗೆ ತಾಗಿಸಿಕೊಂಡು ಎಳೆಮಗುವಿನ ಹಾಗೆ ನೋಡುತ್ತಿದ್ದರು.

ವ್ಯಾನು ಬರುವ ದಿನ ಯೋಗಾನಂದ ಅತ್ತೆಯ ಜೊತೆ ಮುಂಜಾನೆಯ ಬಸ್ಸಿಗೆ ಕಬ್ಬಾಳಿಗೆ ಹೋದ. ಜೇಬಿನಲ್ಲಿ ನಾಲ್ಕು ಪುಟದ ಭಾಷಣ. ಬೆಳಕಿನ ತರಂಗಾಂತರದಿಂದ ಶುರುವಾಗಿ ಕಣ್ಣಿನ ರಚನೆಯವರೆಗೆ ಎಲ್ಲ ಇತ್ತು. ಹಾಲಿನ ಡೈರಿಯ ಮುಂದೆ ಹೆಂಗಸರು ಕ್ಯಾನು ಇಟ್ಟುಕೊಂಡು ನಿಂತಿದ್ದರು. ಅವನು ಕಾಗದ ಬಿಚ್ಚಿದ.

"ಅದೆಲ್ಲ ಬ್ಯಾಡಿ," ಅಂದರು ಶಿವಲಿಂಗಮ್ಮ ಮೆಲ್ಲಗೆ. "ಏನಾಯ್ತು ಅಂತ ನೆಟ್ಟಗೆ ಹೇಳ್ಬುಡಿ."

ಯೋಗಾನಂದ ಹೇಳಿದ. ತೊಟ್ಟಿ ತಂದದ್ದು, ಹಚ್ಚಬೇಡ ಎಂದ ಲೈಟು ಹಚ್ಚಿದ್ದು, ಅತ್ತೆ ಹೆದರಿದ್ದು, ತಾನು ಅದನ್ನು ಭ್ರಮೆ ಎಂದದ್ದು, ಎಲ್ಲ. ಮಾರಮ್ಮ ದನಿ ಬಂದ ಕಡೆಗೆ ಮುಖ ಮಾಡಿ ಕೇಳಿಸಿಕೊಂಡರು.

"ಅಂದ್ರೆ ಶಿವಲಿಂಗಿ ಕಣ್ಣು ಕೆಟ್ಟಿರ್ನಿಲ್ವಾ?"

"ಇಲ್ಲಮ್ಮ."

"ಲೈಟು ಕೆಟ್ಟಿತ್ತಾ?"

"ಲೈಟೂ ಕೆಟ್ಟಿರಲಿಲ್ಲ."

"ಮತ್ತೆ ಕೆಟ್ಟಿದ್ದೇನಪ್ಪ?"

ಯೋಗಾನಂದ ಸುತ್ತಲೂ ನೋಡಿದ. ನಾಲ್ಕು ಪುಟದಲ್ಲಿ ಎಲ್ಲಿಯೂ ಇದಕ್ಕೆ ಉತ್ತರ ಬರೆದುಕೊಂಡಿರಲಿಲ್ಲ. "ನನ್ನ ಬುದ್ಧಿ," ಎಂದ.

ಡೈರಿಯ ಮುಂದೆ ನಗು ಎದ್ದಿತು. ಹಾಲಿನ ಕ್ಯಾನುಗಳ ಮುಚ್ಚಳಗಳೂ ಗಲಗಲ ಎಂದವು. "ಗಂಡಸು ಬಾಯಿಬಿಟ್ಟು ಹೇಳ್ಬುಟ್ಟ ಅಂದ್ಮೇಲೆ ದಿಟವೇ ಇರ್ಬೇಕು ಕಣ್ರವ್ವ, ನಡೀರಿ," ಎಂದು ಮಾರಮ್ಮ ಎಲ್ಲರಿಗಿಂತ ಮೊದಲು ವ್ಯಾನಿನ ಕಡೆ ಹೊರಟರು. ಮೆಟ್ಟಿಲು ಕಾಣದೆ ಆಕೆಯ ಕಾಲು ಗಾಳಿಯಲ್ಲಿ ತಡಕಾಡಿತು. ಯೋಗಾನಂದ ಬಗ್ಗಿ ಆ ಕಾಲನ್ನು ಹಿಡಿದು ಮೆಟ್ಟಿಲ ಮೇಲಿಟ್ಟ. ಒಬ್ಬೊಬ್ಬರನ್ನೇ ಕೈಹಿಡಿದು ಹತ್ತಿಸಿದ. ಕೊನೆಗೆ ಎಡಗಣ್ಣಿನ ಸರದಿಗೆಂದು ಶಿವಲಿಂಗಮ್ಮ ಹತ್ತಿದರು. ಅವರ ಹಿಂದೆ ತಾನೂ ಹತ್ತಿ ಬಾಗಿಲ ಬಳಿಯ ಸೀಟಿನಲ್ಲಿ ಕೂತ.

ಆಸ್ಪತ್ರೆಯ ನರ್ಸ್ ಲತಾಮಣಿ ಪಟ್ಟಿ ಹಿಡಿದು ತಲೆ ಎಣಿಸಿದಳು. ಎರಡು ಸಲ ಎಣಿಸಿದಳು. ಒಂದು ತಲೆ ಜಾಸ್ತಿ ಬರುತ್ತಿತ್ತು.

"ಸಾರ್, ನಿಮ್ಮ ಹೆಸರು ಲಿಸ್ಟಲ್ಲಿ ಇಲ್ವಲ್ಲ? ಇಷ್ಟು ಚಿಕ್ಕ ವಯಸ್ಸಿಗೇ ನಿಮಗೂ ಪೊರೆನಾ?"

ಯೋಗಾನಂದ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸೀಟಿನಿಂದ ಅತ್ತೆಯ ದನಿ ಬಂತು. ಹದಿನೈದು ವರ್ಷದ ಗೌರವ ಒಂದಿಷ್ಟೂ ಕಮ್ಮಿಯಾಗಿರಲಿಲ್ಲ.

"ಬರ್ಕೊ ತಾಯಿ, ಬರ್ಕೊ! ನಮ್ ಅಳಿಯಂದ್ರಿಗೆ ವಯಸ್ಸು ಚಿಕ್ಕದು, ಪೊರೆನೇ ದೊಡ್ದು!"